ಮಂದೆ ಬಿಡದ ನಾಯಿ

“ಗುರುಗಳೇ, ಓಡಬೇಕಾದ ಹೊತ್ತಿನಲ್ಲಿ ಓಡದೆ ನಿಂತವನನ್ನು ಮಠದಲ್ಲಿ ಇಟ್ಟುಕೊಳ್ಳುವುದು ಸರಿಯೇ?”

ಕೇಳಿದವನು ಮಡಿವಾಳಯ್ಯ. ಮಠದ ಒಳಗಿನ ಕೆಲಸಕ್ಕೆಲ್ಲ ಅವನೇ ಹಿರಿಯ. ಅವನ ಮನಸ್ಸಿನಲ್ಲಿದ್ದವನು ಅಡುಗೆಮನೆಯ ಅಡಿವೆಯ್ಯ.

ಹಿಂದಿನ ದಿನ ಮಧ್ಯಾಹ್ನ ಒಬ್ಬ ಕಳ್ಳ ಗದ್ದುಗೆಯ ಮುಂದಿದ್ದ ತಾಮ್ರದ ಕೊಡ ಎತ್ತಿಕೊಂಡು ಓಡಿದ್ದ. ಮಠದವರೆಲ್ಲ ಬೆನ್ನಟ್ಟಿದರು. ಮಡಿವಾಳಯ್ಯನೇ ಎಲ್ಲರಿಗಿಂತ ಮುಂದೆ. ಕಳ್ಳ ಸಿಗಲಿಲ್ಲ, ಕೊಡ ಸಿಕ್ಕಿತು. ಅಡಿವೆಯ್ಯ ಮಾತ್ರ ಕದಲಲಿಲ್ಲ. ಮಠದ ಆಸರೆಯಲ್ಲಿರುವ ಕುರುಡರು ಊಟದ ಪಂಕ್ತಿಯಲ್ಲಿ ಕುಳಿತಿದ್ದರು. ಅವನು ಬಡಿಸುತ್ತಿದ್ದ. ಗದ್ದಲ ಕೇಳಿಯೂ ಕೈಯಲ್ಲಿದ್ದ ಸೌಟು ಕೆಳಗಿಡಲಿಲ್ಲ.

ಅಂಥ ಪುಕ್ಕಲನನ್ನು ದೂರದ ಇನ್ನೊಂದು ಮಠಕ್ಕೆ ಕಳಿಸಿಬಿಡಬೇಕೆಂದು ಮಡಿವಾಳಯ್ಯ ಆಗಲೇ ತೀರ್ಮಾನಿಸಿದ್ದ. ಗುರುಗಳು ಹೂಂ ಅನ್ನುವುದೊಂದೇ ಬಾಕಿ. ಆದರೂ ಒಳಗೊಳಗೆ ಏನೋ ಚುಚ್ಚುತ್ತಿತ್ತು. ಅವನೂ ಅಡಿವೆಯ್ಯನೂ ಒಂದೇ ವರ್ಷ ಮಠಕ್ಕೆ ಬಂದವರು. ಮೊದಲ ಚಳಿಗಾಲ ಇಬ್ಬರೂ ಒಂದೇ ಚಾಪೆಯ ಮೇಲೆ ಮಲಗಿದವರು. ಅದು ನೆನಪಾದದ್ದಕ್ಕೇ ಅವನ ದನಿ ಬೇಕಾದುದಕ್ಕಿಂತ ಜೋರಾಗಿತ್ತು.

“ಪ್ರಶ್ನೆಯ ಜೊತೆ ಉತ್ತರವನ್ನೂ ಗಂಟು ಕಟ್ಟಿಕೊಂಡೇ ಬಂದಿದ್ದೀಯಲ್ಲ” ಎಂದು ಗುರುಗಳು ನಕ್ಕರು. “ಕೂತುಕೋ. ಗಂಟು ಪಕ್ಕಕ್ಕಿಡು. ಒಬ್ಬ ಕುರಿಗಾರನ ಕತೆ ಹೇಳುತ್ತೇನೆ.”

ಮಡಿವಾಳಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಬಯಲುಸೀಮೆಯಲ್ಲಿ ಒಬ್ಬ ಕುರಿಗಾರನಿದ್ದ. ಊರಿಂದೂರಿಗೆ ಕುರಿ ಹೊಡೆದುಕೊಂಡು ಹೋಗುವುದು, ಯಾರದಾದರೂ ಹೊಲದಲ್ಲಿ ಮಂದೆ ನಿಲ್ಲಿಸುವುದು, ಹಿಕ್ಕೆ ಬಿದ್ದು ಹೊಲಕ್ಕೆ ಗೊಬ್ಬರವಾದ ಮೇಲೆ ಮುಂದಿನ ಹೊಲಕ್ಕೆ ನಡೆಯುವುದು. ಇದೇ ಅವನ ಬಾಳು.

ಅವನಿಗೊಂದು ನಾಯಿ. ಅಗಲ ಎದೆ, ದಪ್ಪ ಕತ್ತು, ಮೈತುಂಬ ಒರಟು ಕೂದಲು. ಮಲಗಿದರೆ ಮಡಿಸಿಟ್ಟ ಕಂಬಳಿಯ ಹಾಗೆ ಕಾಣುತ್ತಿತ್ತು. ಅದಕ್ಕೆ ಕಂಬಳಿ ಎಂದೇ ಹೆಸರು.

ಆ ಜನ ಮಂದೆಯ ನಾಯಿಯನ್ನು ಸಾಕುವ ರೀತಿಯೇ ಬೇರೆ. ಕಣ್ಣು ಬಿಡುವ ಮೊದಲೇ ಮರಿಯನ್ನು ಎತ್ತಿ ಕುರಿಮರಿಗಳ ಗೂಡಿನಲ್ಲಿ ಬಿಡುತ್ತಾರೆ. ಮರಿ ಸತ್ತ ಕುರಿಯ ಹಾಲನ್ನು ಅದಕ್ಕೆ ಕುಡಿಸುತ್ತಾರೆ. ಮನೆಯವರು ಅದನ್ನು ಎತ್ತಿ ಆಡಿಸುವಂತಿಲ್ಲ, ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಹಾಗೆ ಬೆಳೆದ ನಾಯಿಗೆ ತಾನು ನಾಯಿ ಎಂಬುದೇ ಅಷ್ಟಾಗಿ ಗೊತ್ತಿರುವುದಿಲ್ಲ. ಕುರಿಗಳೇ ಅದರ ಒಡಹುಟ್ಟುಗಳು. ಕಂಬಳಿಯೂ ಹಾಗೆ ಬೆಳೆದದ್ದು. ತೋಳ ಕತ್ತಿಗೆ ಬಾಯಿ ಹಾಕದಿರಲೆಂದು ಕುರಿಗಾರ ತಾನೇ ಕೂತು ಚರ್ಮದ ಪಟ್ಟಿಯೊಂದಕ್ಕೆ ಕಬ್ಬಿಣದ ಮುಳ್ಳು ಬಡಿದು ಅದರ ಕೊರಳಿಗೆ ಕಟ್ಟಿದ್ದ.

ಒಂದು ವರ್ಷ ಕುರಿಗಾರನ ಹೆಂಡತಿಯ ಅಣ್ಣ ಮುಧೋಳದ ಕಡೆಯಿಂದ ಒಂದು ಬೇಟೆನಾಯಿ ತಂದುಕೊಟ್ಟ. ಉದ್ದ ಕಾಲು, ಇಲ್ಲವೇ ಇಲ್ಲ ಎನ್ನುವಂಥ ಸೊಂಟ, ಚೂಪು ಮುಖ. ಅದರ ಹೆಸರು ಸರದಾರ. ಕಂಬಳಿ ಕುರಿಯ ನಡುವೆ ಬೆಳೆದಂತೆ, ಸರದಾರ ಬೇಟೆಗಾರರ ಅಂಗಳದಲ್ಲಿ ಹಾಲು ಕುಡಿದು, ದಿನವೂ ಬೆಳಗ್ಗೆ ಬಯಲಲ್ಲಿ ಓಡಿ ಬೆಳೆದದ್ದು. ದೂರದ ದಿಣ್ಣೆಯ ಮೇಲೆ ಮೊಲದ ಕಿವಿ ಅಲುಗಿದರೆ ಅದರ ಕಣ್ಣಿಗೆ ಬೀಳುತ್ತಿತ್ತು. ಓಡುವುದು ಏನೇ ಕಂಡರೂ ಅದು ಬೆನ್ನು ಹತ್ತಲೇಬೇಕು. ಹೋದರೆ ಬರಿಗೈಲಿ ಬರುತ್ತಿದ್ದುದು ಅಪರೂಪ.

ಕುರಿಗಾರ ಮರುಳಾದ. ತಪ್ಪೇನು? ಅದರ ಓಟ ನೋಡಿದ ಯಾರಾದರೂ ಮರುಳಾಗುತ್ತಿದ್ದರು. ಹೊಲದ ಒಡೆಯರು ಅದನ್ನು ನೋಡಲೆಂದೇ ಬರುತ್ತಿದ್ದರು. ಕಂಬಳಿಯನ್ನು ನೋಡಲು ಯಾರು ಬರುತ್ತಾರೆ? ಅದು ಮಲಗಿರುತ್ತಿತ್ತು.

ಒಂದು ಬೆಳಗ್ಗೆ ಕುರಿಗಳು ಇನ್ನೂ ತಡಿಕೆಯ ಬೇಲಿ ದಾಟಿರಲಿಲ್ಲ. ಎದುರಿನ ದಿಣ್ಣೆಯ ಮೇಲೆ ತೋಳವೊಂದು ಕಾಣಿಸಿಕೊಂಡಿತು. ಸರದಾರ ಬಾಣದಂತೆ ಹೋಯಿತು. ಮೂರು ಹೊಲ ದಾಟಿಸಿ ತೋಳವನ್ನು ಅಟ್ಟಿತು. ಕಂಬಳಿ ಎದ್ದಿತು, ಮಂದೆಗೆ ಒಂದು ಸುತ್ತು ಬಂದಿತು, ಹಳ್ಳದ ಕಡೆ ಮುಖ ಮಾಡಿ ನಿಂತಿತು. ಮಂದೆಯ ಅಂಚಿನಿಂದ ಆಚೆಗೆ ಒಂದು ಹೆಜ್ಜೆ ಇಡಲಿಲ್ಲ.

ಜೊತೆಯ ಕುರಿಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಕುರಿಗಾರನ ಮುಖ ಸಣ್ಣದಾಯಿತು. ಹತ್ತು ವರ್ಷ ರೊಟ್ಟಿ ಹಾಕಿದ ನಾಯಿ ಹತ್ತು ಜನರ ಎದುರು ಮಾನ ಕಳೆಯಿತೆಂದು ಅವನಿಗನ್ನಿಸಿತು.

“ತೋಳ ಕಂಡ್ರೂ ಕಾಲ ಎತ್ತಲಿಲ್ಲ. ಇಂಥಾದ್ದನ್ನ ಇಟ್ಕೊಂಡು ಏನ್ ಮಾಡೂದು?” ಎಂದ ಹೆಂಡತಿಗೆ.

“ಅದು ಓಡಲಿಲ್ಲ, ಖರೆ. ಒಂದರೆ ಕುರಿ ಹೋಗೇತೇನು?” ಎಂದಳು ಅವಳು.

ಆ ಮಾತು ಅವನ ತಲೆಗೆ ಹೋಗಲಿಲ್ಲ. ಮುಂದಿನ ಊರಿನಲ್ಲಿ ಒಬ್ಬ ಹತ್ತಿಯ ವ್ಯಾಪಾರಿ ಕಾವಲಿಗೆ ನಾಯಿ ಹುಡುಕುತ್ತಿದ್ದ. ಕುರಿಗಾರ ಕಂಬಳಿಯನ್ನು ಅವನಿಗೆ ಕೊಟ್ಟುಬಿಟ್ಟ. ಕೊಡುವಾಗ ಮುಳ್ಳಿನ ಪಟ್ಟಿಯನ್ನು ಬಿಚ್ಚಿಕೊಂಡ. ಬಂದವನೇ ಅದನ್ನು ಸರದಾರನ ಕೊರಳಿಗೆ ಕಟ್ಟಿದ. ಸರದಾರ ಒಮ್ಮೆ ತಲೆ ಕೊಡವಿತು. ಪಟ್ಟಿ ಚೂಪು ಮುಖದಿಂದ ಜಾರಿ ಕೆಳಗೆ ಬಿತ್ತು. ಎಷ್ಟು ಬಿಗಿದರೂ ಅದೇ ಪಾಡು. ಪಟ್ಟಿಯೇ ಅಷ್ಟು ಹೇಳಿದರೂ ಆ ಪುಣ್ಯಾತ್ಮನಿಗೆ ತಿಳಿಯಲಿಲ್ಲ. ಪಟ್ಟಿಯನ್ನೇ ಬೈದು ಚೀಲಕ್ಕೆ ಹಾಕಿಕೊಂಡ.

ಎರಡು ತಿಂಗಳು ಕಳೆಯಿತು. ಮತ್ತೊಂದು ಬೆಳಗ್ಗೆ, ಮತ್ತೊಂದು ದಿಣ್ಣೆ. ತೋಳ ಬಂದು ನಿಂತಿತು. ಈ ಸಲ ಅದು ಕುಂಟುತ್ತಿತ್ತು. ಸರದಾರ ಹಾರಿತು. ತೋಳ ಕುಂಟುತ್ತಲೇ ಓಡಿತು, ಸಿಗುವಷ್ಟು ಹತ್ತಿರ, ಆದರೆ ಸಿಗದ ಹಾಗೆ. ನೋಡುತ್ತ ನೋಡುತ್ತ ಎರಡೂ ಕಣ್ಮರೆಯಾದವು. ಕುರಿಗಾರ ಹಣೆಗೆ ಕೈ ಹಚ್ಚಿ ನಿಂತು ನೋಡುತ್ತ ಹೆಮ್ಮೆಪಟ್ಟ.

ಬೆನ್ನ ಹಿಂದಿನ ಹಳ್ಳದಿಂದ ಇನ್ನೆರಡು ತೋಳ ಬಂದವು.

ಅವನು ಕೋಲು ಹಿಡಿದು ಓಡಿ ಬರುವಷ್ಟರಲ್ಲಿ ಏಳು ಮರಿಗಳು ಬಿದ್ದಿದ್ದವು. ಈದು ಮೂರು ದಿನವಾಗಿದ್ದ ಒಂದು ಕುರಿ ಬಿದ್ದಿತ್ತು. ಅದರ ಮರಿ ಇನ್ನೂ ಮೊಲೆ ಹುಡುಕುತ್ತಿತ್ತು.

ಹೊತ್ತು ಏರಿದ ಮೇಲೆ ಸರದಾರ ನಾಲಿಗೆ ಚಾಚಿಕೊಂಡು ಬಂದಿತು. ಬಾಲ ಅಲ್ಲಾಡಿಸುತ್ತ ಮುಂದೆ ನಿಂತಿತು. ಕುರಿಗಾರ ಕೋಲು ಎತ್ತಿದ. ಅದರ ಕಣ್ಣು ನೋಡಿದ. ಕೋಲು ಇಳಿಸಿದ. ಹೊಡೆಯುವುದು ಯಾವ ತಪ್ಪಿಗೆ? ಓಡಬೇಕಾದ ನಾಯಿ ಓಡಿತ್ತು. ಅದನ್ನು ನಿಲ್ಲಬೇಕಾದ ಕಡೆ ಇಟ್ಟವನು ತಾನು.

ಅಂದಿನಿಂದ ಅವನಿಗೆ ಕಂಬಳಿಯ ನೆನಪು ಹತ್ತಿತು. ಎಂಥ ನೆನಪು! ಕುರಿ ಈಯುವಾಗ ಅದು ಪಕ್ಕದಲ್ಲೇ ಕೂತಿರುತ್ತಿತ್ತು, ಬಸುರಿಯ ತವರಿನವಳ ಹಾಗೆ. ಮರಿ ಬಿದ್ದ ಕೂಡಲೇ ತಾಯಿ ಒಂದು ಕಡೆ ನೆಕ್ಕಿದರೆ ಅದು ಇನ್ನೊಂದು ಕಡೆ ನೆಕ್ಕುತ್ತಿತ್ತು. ಕುಂಟ ಕುರಿಯೊಂದು ಹಿಂದೆ ಬಿದ್ದರೆ ಅದೂ ಹಿಂದೆ ಬೀಳುತ್ತಿತ್ತು. ಕುಂಟಿಯ ಹೆಜ್ಜೆಗೆ ತನ್ನ ಹೆಜ್ಜೆ ಕೂಡಿಸುತ್ತಿತ್ತು. ಸೋನೆ ಹಿಡಿದ ದಿನಗಳಲ್ಲಿ ಮರಿಗಳು ಅದರ ಹೊಟ್ಟೆಗೆ ಆತುಕೊಂಡು ಮಲಗುತ್ತಿದ್ದವು. ತೊಯ್ದ ಉಣ್ಣೆಯ ವಾಸನೆ, ತೊಯ್ದ ನಾಯಿಯ ವಾಸನೆ ಎರಡೂ ಬೆರೆತು ಗುಡಾರದ ತುಂಬ ಇರುತ್ತಿತ್ತು. ಆಗ ಅದು ನಾತ ಎಂದು ಮೂಗು ಮುಚ್ಚಿಕೊಂಡಿದ್ದ. ಈಗ ಆ ವಾಸನೆಗಾಗಿ ಹಂಬಲಿಸಿದ.

ಇನ್ನೊಂದೂ ನೆನಪಾಯಿತು. ಆ ಹತ್ತು ವರ್ಷಗಳಲ್ಲಿ ತೋಳ ಬಾರದೆ ಇದ್ದದ್ದಲ್ಲ. ಬಂದಿತ್ತು, ದಿಣ್ಣೆಯ ಮೇಲೆ ನಿಂತಿತ್ತು, ಕುಂಟಿಯೂ ತೋರಿಸಿತ್ತು. ಕಂಬಳಿ ಕದಲಿರಲಿಲ್ಲ. ಕಾದು ಕಾದು ತೋಳ ಹೊರಟುಹೋಗಿತ್ತು. ಏನೂ ಆಗಿರಲಿಲ್ಲ. ಏನೂ ಆಗದ ದಿನವನ್ನು ಯಾರು ನೆನಪಿಡುತ್ತಾರೆ?

ಅವನು ಪಟ್ಟಿಯನ್ನು ಚೀಲಕ್ಕೆ ಹಾಕಿಕೊಂಡು, ಒಂದು ಹಗ್ಗ ಹಿಡಿದು, ಮೂರು ದಿನ ನಡೆದು ವ್ಯಾಪಾರಿಯ ಊರಿಗೆ ಹೋದ. ವ್ಯಾಪಾರಿ ಸಿಡಿಮಿಡಿಗೊಂಡ. ನಾಯಿ ಒಂದು ದಿನವೂ ಕಾವಲು ಕಾಯಲಿಲ್ಲವಂತೆ. ಬೀದಿಯ ನಾಯಿಯಾದರೂ ಎಲೆ ಅಲುಗಿದರೆ ಬೊಗಳುತ್ತದೆ. ಇದು ಬಾಯಿ ಬಿಡಲಿಲ್ಲವಂತೆ. ಹತ್ತಿ ತುಂಬಿದ ಅಂಡಿಗೆಗಳನ್ನು ಒಂದೊಂದಾಗಿ ಮೂಸಿ ನೋಡಿ, ಮೂರನೆಯ ದಿನ ಎದ್ದು ಹೋಯಿತಂತೆ. ಪಾಪ, ಅಂಡಿಗೆಗಳಲ್ಲಿ ಉಸಿರಿರಲಿಲ್ಲ. ಅದಕ್ಕೆ ಕಾಯಲು ಉಸಿರಾಡುವುದೇನಾದರೂ ಬೇಕಿತ್ತು.

ಕುರಿಗಾರ ಕೇಳುತ್ತ ಕೇಳುತ್ತ ಹೊಳೆಯ ದಂಡೆಗೆ ಹೋದ. ಅಲ್ಲಿ ಒಬ್ಬ ಮುದುಕಿ ಒಂಬತ್ತು ಮೇಕೆ ಮೇಯಿಸುತ್ತಿದ್ದಳು. ಒಂಬತ್ತರ ನಡುವೆ ಕಂಬಳಿ ಮಲಗಿತ್ತು.

“ಬಾ ಮಗಾ!” ಎಂದ.

ನಾಯಿ ಕಿವಿ ನಿಮಿರಿಸಿತು. ಓಡಿ ಬಂದಿತು. ಅವನು ಆ ನಾಯಿ ಓಡಿದ್ದನ್ನು ಕಂಡದ್ದು ಅದೇ ಮೊದಲು. ಅವನ ಪಾದದ ಮೇಲೆ ತಲೆಯಿಟ್ಟು ಕುಂಯ್‌ಗುಟ್ಟಿತು. ಎಂದೂ ಮುದ್ದು ಮಾಡದವನು ಅದರ ಕತ್ತು ತಬ್ಬಿಕೊಂಡು ಅತ್ತ. ಆಮೇಲೆ ಕಣ್ಣೊರೆಸಿಕೊಂಡು ಎದ್ದು ನಡೆದ. ನಾಯಿ ಹಿಂದೆ ಬಂದಿತು. ಇಪ್ಪತ್ತು ಹೆಜ್ಜೆ ಬಂದಿತು. ಹಿಂದೆ ಒಂದು ಮೇಕೆ ಅರಚಿತು.

ನಾಯಿ ನಿಂತಿತು.

ಅವನು ಕರೆದ. ಅದು ಅವನನ್ನು ನೋಡಿತು, ಮೇಕೆಗಳನ್ನು ನೋಡಿತು. ಮತ್ತೆ ಕರೆದ. ಬಾಲ ಅಲ್ಲಾಡಿಸಿತು. ಮೂರನೆಯ ಸಲ ಕರೆಯುವಾಗ ಅವನಿಗೇ ಗೊತ್ತಿತ್ತು. ಅದು ತಿರುಗಿ ಮೇಕೆಗಳ ನಡುವೆ ಹೋಗಿ ನಿಂತಿತು.

“ನಿನ್ನ ನಾಯಿ ಐತಪಾ. ಹಗ್ಗ ಹಾಕಿ ಜಗ್ಗಿಕೊಂಡು ಹೋಗು. ನಾ ಬ್ಯಾಡ ಅನ್ನೂದಿಲ್ಲ” ಎಂದಳು ಮುದುಕಿ.

ಅವನ ಕೈಯಲ್ಲಿ ಹಗ್ಗವಿತ್ತು. ಯಾವ ಗುಣಕ್ಕೆ ನಾಚಿ ಅದನ್ನು ಕಳಿಸಿದ್ದನೋ ಅದೇ ಗುಣ ಈಗ ಅವನ ಕಣ್ಣೆದುರು ನಿಂತಿತ್ತು. ಜಗ್ಗಿದರೆ ಬಂದೀತು. ಆದರೆ ಬಂದದ್ದು ಆ ನಾಯಿಯಾಗಿರುವುದಿಲ್ಲ.

ಅವನು ಮೇಕೆಗಳ ನಡುವೆ ಹೋಗಿ, ಚೀಲದಿಂದ ಮುಳ್ಳಿನ ಪಟ್ಟಿ ತೆಗೆದು, ಅದರ ಕೊರಳಿಗೆ ಕಟ್ಟಿದ. ಪಟ್ಟಿ ಮೊದಲಿನ ಹಾಗೆಯೇ ಸರಿಯಾಗಿ ಕೂತಿತು. ಹಗ್ಗ ಹಿಡಿದುಕೊಂಡು ಬಂದ ದಾರಿಯಲ್ಲಿ ಒಬ್ಬನೇ ಹಿಂದಿರುಗಿದ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು.

ಒಳಗಿನಿಂದ ಪಾತ್ರೆಗಳ ಸದ್ದು ಬರುತ್ತಿತ್ತು. ಪಂಕ್ತಿಯ ಹೊತ್ತಾಗಿತ್ತು. ಅಡಿವೆಯ್ಯ ಎಂದಿನಂತೆ ಒಬ್ಬೊಬ್ಬ ಕುರುಡನ ಕೈ ಹಿಡಿದು ಎಲೆಯ ಮೇಲಿಟ್ಟು, ಅನ್ನ ಇಲ್ಲಿದೆ, ಸಾರು ಇಲ್ಲಿದೆ ಎಂದು ತೋರಿಸುತ್ತಿದ್ದ. ಮಡಿವಾಳಯ್ಯನಿಗೆ ಮೊದಲ ಚಳಿಗಾಲದ ಆ ಚಾಪೆ ನೆನಪಾಯಿತು. ಆಗ ತಾನು ಜ್ವರ ಬಂದು ಹನ್ನೊಂದು ದಿನ ಮಲಗಿದ್ದ. ಬೇರೆಯವರು ವೈದ್ಯನಿಗಾಗಿ ಊರೂರು ಓಡಿದ್ದರು. ಹಣೆಯ ಮೇಲಿನ ಒದ್ದೆ ಬಟ್ಟೆ ಬದಲಿಸುತ್ತ ಹನ್ನೊಂದು ದಿನವೂ ಕದಲದೆ ಕೂತಿದ್ದವನು ಯಾರೆಂದು ಈಗ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಹಟ ಪೂರ್ತಿ ಸತ್ತಿರಲಿಲ್ಲ.

“ಹಾಗಾದರೆ ಅವನನ್ನು ಕಳಿಸಬಾರದು ಅನ್ನುತ್ತೀರಾ, ಗುರುಗಳೇ?” ಎಂದ ಮೆಲ್ಲಗೆ.

“ಕಳಿಸು, ನಾನೇಕೆ ತಡೆಯಲಿ? ಆದರೆ ಹೋದಲ್ಲಿ ಅವನು ಇನ್ನೊಂದು ಪಂಕ್ತಿಗೆ ಸೌಟು ಹಿಡಿದನೆಂದರೆ, ಆಮೇಲೆ ನೀನು ಕರೆದರೂ ಕೆಳಗಿಡುವವನಲ್ಲ.”

ಮಡಿವಾಳಯ್ಯ ಎದ್ದು ಒಳಗೆ ಹೋಗಿ, ಅಡಿವೆಯ್ಯನ ಪಕ್ಕದಲ್ಲಿ ಸಾರಿನ ಪಾತ್ರೆ ಹಿಡಿದು ನಿಂತ.