ಕಾಡಿಗೆಯ ಗೆರೆ

“ಗುರುಗಳೇ, ರೋಗಿಯ ಮೇಲಿನ ಕರುಣೆಯಿಂದ ಒಂದು ಚುಕ್ಕೆ ಬಿಟ್ಟರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಹೊರಗೆ ಕುಳಿತಿದ್ದ ಹೆಂಗಸೊಬ್ಬಳ ಚೀಟಿ ಅವನ ಕೈಯಲ್ಲಿತ್ತು. ಆ ವೈದ್ಯಶಾಲೆಯಲ್ಲಿ ಕುರುಗಳಿಗೆ ಚೀಟಿಯಲ್ಲಿ ಹಾಕುವ ಗುರುತುಗಳಿದ್ದವು. ಇನ್ನೂ ಗಟ್ಟಿಯಿರುವ ಕುರುವಿಗೆ ಬರಿಯ ಸುತ್ತು. ಕೀವು ತುಂಬಿ ಕೊಯ್ಯಬೇಕಾದ ಕುರುವಿಗೆ ಸುತ್ತಿನೊಳಗೊಂದು ಚುಕ್ಕೆ. ಆಕೆಯ ಕಂಕುಳಿನ ಕುರು ಅವನ ಬೆರಳಿಗೆ ಮೆತ್ತಗೆ ಸಿಕ್ಕಿತ್ತು. ಆದರೆ ಆಕೆ, “ಕೊಯ್ಯಬೇಕು ಅಂತ ಮಾತ್ರ ಬರೀಬೇಡಿ ಸ್ವಾಮಿ, ಲೇಪ ಹಾಕಿ ಕಳಿಸಿಬಿಡಿ” ಎಂದು ಅತ್ತಿದ್ದಳು. ಅವನ ಮನಸ್ಸು ಕರಗಿತ್ತು.

ಗುರುಗಳು ನಕ್ಕರು. “ಅಂಗೈ ಹುಣ್ಣಿಗೆ ಕನ್ನಡಿ ಬೇಡ, ನಿಜ. ಕಂಕುಳಿನ ಹುಣ್ಣಿಗೆ ನಿನ್ನ ಚೀಟಿ ಬೇಕಲ್ಲಪ್ಪ! ಕೇಳು” ಎಂದು ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಅವನ ತೊಡೆಯಲ್ಲಿ ಕುರು ಎದ್ದಿತು. ಸುತ್ತಲಿನ ಚರ್ಮ ಕೆಂಪೇರಿತು. ಊರಿನ ವೈದ್ಯ ಬಂದು ಮುಟ್ಟಿ ನೋಡಿ, ಕೆಂಪಿನ ಅಂಚಿಗೆ ಸರಿಯಾಗಿ ಕಾಡಿಗೆಯಿಂದ ಗೆರೆ ಎಳೆದ. “ಕೆಂಪು ಈ ಗೆರೆ ದಾಟಿದರೆ ಕೊಯ್ಯಲೇಬೇಕು. ದಾಟದಿದ್ದರೆ ಲೇಪ ಸಾಕು” ಎಂದ.

ಕೊಯ್ಯುವ ಮಾತಿಗೇ ನೇಕಾರ ಬೆವತುಹೋದ. ಹೆಂಡತಿಗೋ ಗಂಡನೆಂದರೆ ಜೀವ. ಬೆಳಗ್ಗೆ ಎದ್ದು ನೋಡುತ್ತಾಳೆ, ಕೆಂಪು ಗೆರೆ ದಾಟಿದೆ. ವೈದ್ಯ ನೋಡಿದರೆ ಕೊಯ್ದೇಬಿಡುತ್ತಾನೆ ಎಂದು ಹೆದರಿದಳು. ಎಣ್ಣೆ ಹಚ್ಚಿ ಹಳೆಯ ಗೆರೆ ಒರೆಸಿದಳು. ತನ್ನ ಕಾಡಿಗೆಯ ಡಬ್ಬಿ ತೆರೆದು ಹೊಸ ಅಂಚಿಗೆ ಹೊಸ ಗೆರೆ ಎಳೆದಳು.

ವೈದ್ಯ ದಿನಕ್ಕೆ ಹತ್ತಾರು ಕುರು ನೋಡುವವನು. ಗೆರೆಯ ಅಳತೆ ಬರೆದಿಡುವ ಅಭ್ಯಾಸ ಅವನಿಗಿರಲಿಲ್ಲ. ಕೆಂಪು ಗೆರೆಯೊಳಗೇ ಇದೆಯೆಂದು ಲೇಪ ಹಾಕಿ ಹೋದ. ಮನೆಯವರು ನಿರಾಳವಾದರು. ಮರುದಿನವೂ ಹಾಗೆಯೇ ಆಯಿತು. ಗೆರೆ ಹಿಗ್ಗುತ್ತಿತ್ತು, ಎಲ್ಲರೂ ಗುಣವಾಗುತ್ತಿದೆ ಎನ್ನುತ್ತಿದ್ದರು.

ಆಮೇಲೆ ಜ್ವರ ಏರಿತು. ನೇಕಾರನಿಗೆ ಹೆಂಡತಿಯ ಗುರುತೇ ಸಿಗದಾಯಿತು. ಆಗ ಅವಳು ವೈದ್ಯನ ಕಾಲು ಹಿಡಿದಳು. “ಅಯ್ಯಾ, ಆ ಗೆರೆ ನಾನು ಎಳೆದದ್ದು. ನಿಮ್ಮದು ಇಲ್ಲಿತ್ತು” ಎಂದು ಬೆರಳಿಟ್ಟು ತೋರಿಸಿದಳು.

ವೈದ್ಯ ಬೈಯಲಿಲ್ಲ. ಅಳತೆ ಬರೆಯದ ತನಗೆ ಬೈಯುವ ಬಾಯಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ತೋರಿಸಿದ ಜಾಗದಿಂದ ಬಾವು ಎಷ್ಟು ಹಬ್ಬಿದೆಯೆಂದು ತಿಳಿದು, ಕೊಯ್ದು, ಕೀವನ್ನೆಲ್ಲ ಹೊರಹಾಕಿದ. ಕೆಂಪಿನ ಅಂಚಿಗೆ ಮತ್ತೆ ಗೆರೆ ಎಳೆದ, ಅಳತೆ ಬರೆದುಕೊಂಡ, ಕಾಡಿಗೆಯನ್ನು ಅವಳ ಕೈಗೇ ಕೊಟ್ಟ. “ಇದನ್ನು ಒರೆಸಬೇಡ, ತಾಯಿ. ದಿನವೂ ಕೆಂಪು ಎಲ್ಲಿದೆಯೋ ಅಲ್ಲಿ ಇನ್ನೊಂದು ಎಳೆ.”

ಅವಳು ಎಳೆದ ಮೊದಲ ಗೆರೆಯೇ ವೈದ್ಯನ ಗೆರೆಯ ಒಳಗೆ ಬಿತ್ತು. ಮರುದಿನದ್ದು ಇನ್ನೂ ಒಳಗೆ. ಅವಳು ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸಿದಳು. ಗಂಡನ ಕಾಲು ಊರಿಗೇ ಪ್ರದರ್ಶನವಾಯಿತು. ಕೊನೆಯ ಗೆರೆ ಅವಳ ಬಳೆಗಿಂತ ಚಿಕ್ಕದಾಯಿತು, ನೇಕಾರ ಮಗ್ಗದಲ್ಲಿ ಕುಳಿತ.

ಶಿಷ್ಯ ಚೀಟಿಯನ್ನು ನೋಡುತ್ತ ಕೇಳಿದ: “ಹಾಗಾದರೆ ಮೊದಲು ಗೆರೆ ಒರೆಸಿದ ಅವಳ ಪ್ರೀತಿ ತಪ್ಪೇ, ಗುರುಗಳೇ?”

“ಪ್ರೀತಿಯೂ ಅದೇ, ಕಾಡಿಗೆಯೂ ಅದೇ; ಏರಿದ್ದನ್ನು ಒರೆಸಿಬಿಟ್ಟರೆ ಇಳಿದದ್ದು ಯಾರಿಗೆ ಕಾಣುತ್ತದೆ, ಮಗು?”

ಶಿಷ್ಯ ಲೇಖನಿ ತೆಗೆದುಕೊಂಡ. ಸುತ್ತಿನೊಳಗೆ ಚುಕ್ಕೆ ಇಟ್ಟು, ಆಕೆಯನ್ನು ಒಳಗೆ ಕರೆಯಲು ಎದ್ದ.