ಬೆನ್ನಿಗೆ ಬಿದ್ದ ಬಿಸಿಲು

ಹಾವು ಸಾಕುವ ಮನೆಯೊಂದರಲ್ಲಿ ಡ್ರಾಯರುಗಳ ಕಪಾಟಿತ್ತು. ಡ್ರಾಯರಿಗೊಂದು ಹಾವು, ಪ್ರತಿಯೊಂದರ ತಳದಡಿ ಕರೆಂಟಿನಿಂದ ಕಾಯುವ ಪಟ್ಟಿ. ಕೆಳಗಿನ ಡ್ರಾಯರಿನ ಮುದಿ ಹೆಬ್ಬಾವು ಕಾಡಿನಿಂದ ಬಂದವಳು. ಮೇಲಿನ ಡ್ರಾಯರಿನ ಮರಿ ಈ ಮನೆಯಲ್ಲೇ ಮೊಟ್ಟೆಯೊಡೆದು ಬಂದವನು. ಮುದುಕಿ ದಿನಾ ಅವನಿಗೆ ತನ್ನ ಬಂಡೆಯ ಕಥೆ, ಅದರ ಮೇಲೆ ಬೀಳುತ್ತಿದ್ದ ಬಿಸಿಲಿನ ಕಥೆ ಹೇಳುತ್ತಿದ್ದಳು.

“ಬಿಸಿ ನನಗೂ ಗೊತ್ತು ಅಜ್ಜಿ. ಹೊಟ್ಟೆಯಡಿ ಇದೆಯಲ್ಲ.”

“ಅದು ಬಿಸಿ ಕಣೋ. ನಾನು ಹೇಳ್ತಿರೋದು ಬಿಸಿಲು.”

“ಒಂದಕ್ಷರ ಜಾಸ್ತಿ, ಅಷ್ಟೇ ತಾನೇ?”

ಮುದುಕಿಗೆ ಮೈಯುರಿಯುತ್ತಿತ್ತು. ಇವನಿಗೆ ಒಮ್ಮೆ ತೋರಿಸಿಬಿಡಬೇಕು ಎಂದು ಹಂಬಲಿಸುತ್ತಿದ್ದಳು.

ಚಳಿಗಾಲದ ಒಂದು ಬೆಳಿಗ್ಗೆ ಕರೆಂಟು ಹೋಯಿತು. ಪಟ್ಟಿ ತಣ್ಣಗಾಗಿ ಮರಿ ಮರಗಟ್ಟಿದ. ಸಾಕಿದಾಕೆ ಗಾಬರಿಯಿಂದ ಇವರಿಬ್ಬರ ಡ್ರಾಯರುಗಳನ್ನು ತಾರಸಿಗೆ ಹೊತ್ತೊಯ್ದು, ಜಾಲರಿ ಮುಚ್ಚಿ, ಎಳೆಬಿಸಿಲಿನಲ್ಲಿಟ್ಟಳು.

ಮರಿ ಮೆಲ್ಲನೆ ಕದಲಿದ. ಬೆನ್ನು ಕಾಯುತ್ತಿತ್ತು, ಹೊಟ್ಟೆ ತಣ್ಣಗಿತ್ತು.

“ಅಜ್ಜಿ, ಪಟ್ಟಿಯನ್ನ ತಲೆಕೆಳಗು ಹಾಕಿಬಿಟ್ಟಿದ್ದಾರೆ,” ಎಂದವನೇ ಅಂಗಾತ ಮಗುಚಿಕೊಂಡ.

ಮುದುಕಿ ನಕ್ಕು ನಕ್ಕು ಸುಸ್ತಾದಳು. “ಸರಿಯಾಗಿ ತಿರುಗಿ ಮಲಗೋ ಪೆದ್ದ. ಬಿಸಿಲು ಅಂದರೆ ಇದೇ.”

ಮರಿ ತಿರುಗಿ ಮಲಗಿದ. ಮೈಯನ್ನು ಉದ್ದಕ್ಕೆ ಚಾಚಿ ಬೆನ್ನನ್ನೆಲ್ಲ ಬಿಸಿಲಿಗೊಡ್ಡಿದ.

ಸ್ವಲ್ಪ ಹೊತ್ತಿಗೆ ಕರೆಂಟು ಬಂತು. ಡ್ರಾಯರುಗಳು ಕಪಾಟು ಸೇರಿದವು, ಪಟ್ಟಿ ಎಂದಿನಂತೆ ಹದವಾಗಿ ಕಾಯಿತು. ಕೊನೆಗೂ ಕೇಳುವವನೊಬ್ಬ ಸಿಕ್ಕ ಖುಷಿಯಲ್ಲಿ ಮುದುಕಿ ಬಂಡೆಯ ಕಥೆ ತೆಗೆದಳು.

“ಹೇಳಬೇಡ ಅಜ್ಜಿ,” ಎಂದ ಮರಿ. “ಬೆನ್ನಿಗೆ ಚಳಿ ಆಗ್ತಿದೆ.”

ಇಷ್ಟು ವರ್ಷ ಆ ಕಪಾಟಿನಲ್ಲಿ ಬೆನ್ನಿಗೆ ಚಳಿಯಾಗುತ್ತಿದ್ದದ್ದು ಅವಳೊಬ್ಬಳಿಗೇ. ಮುದುಕಿ ಬಾಯಿ ಮುಚ್ಚಿಕೊಂಡಳು.