ಬಾಳೆಮೀನು ಬಚ್ಚಿಟ್ಟ ಬೂದಿಯುಂಡೆ

ಒಂದು ಕಾಡಿನಲ್ಲಿ ಸಾವು ಹೊಕ್ಕ ಹೊಂಡವೊಂದಿತ್ತು. ಆ ವರ್ಷ ತೊರೆ ಬತ್ತಿ ಹೊಸ ನೀರು ಬರಲಿಲ್ಲ. ಉದುರಿದ ಎಲೆಗಳು ತಳದಲ್ಲಿ ಕೊಳೆತವು. ನೀರು ಕಷಾಯದ ಬಣ್ಣಕ್ಕೆ ತಿರುಗಿ ಹುಳಿಯಾಯಿತು. ಮೀನುಗಳ ಮೈಮೇಲೆ ಹತ್ತಿಯಂಥ ಬಿಳಿ ಬೂಷ್ಟು ಎದ್ದಿತು. ದಿನಕ್ಕೊಂದು ಮೀನು ಹೊಟ್ಟೆ ಮೇಲಾಗಿ ತೇಲತೊಡಗಿತು.

ಹೊಂಡದಲ್ಲಿ ಎಲ್ಲರಿಗಿಂತ ದೊಡ್ಡವನು ಮೀಸೆಪ್ಪ ಎಂಬ ಬಾಳೆಮೀನು. ಅವನ ಬಾಲದ ತುದಿಯಲ್ಲೂ ಬೂಷ್ಟು ಕಂಡಿತು. ಸಾವಿಗೆ ಅವನಷ್ಟು ಹೆದರಿದವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ದಡದ ಆಮೆಯಜ್ಜಿ ಎಲ್ಲರನ್ನೂ ಕರೆದಳು.

"ಹುಳಿನೀರಲ್ಲಿ ಬೂಷ್ಟು ಬಿಡುವುದಿಲ್ಲ. ಕೊಳೆತ ಎಲೆ ಎಳೆದು ದಡಕ್ಕೆ ಹಾಕಿ. ಮೇಲೆ ಕಾಳ್ಗಿಚ್ಚಿನ ಬೂದಿ ಬಿದ್ದಿದೆ. ಮಣ್ಣಲ್ಲಿ ಕಲಸಿ ದಿನಕ್ಕೊಂದು ಉಂಡೆ ತರುತ್ತೇನೆ. ಹುಳಿ ಮುರಿಯುತ್ತದೆ. ಆದರೆ ದಿನಕ್ಕೆ ಒಂದೇ. ನೀರು ಒಮ್ಮೆಲೇ ಬದಲಾದರೆ ಬೂಷ್ಟಿಗಿಂತ ಮೊದಲು ನೀವು ಸಾಯುತ್ತೀರಿ."

"ನೀನು ಇಳಿದರೆ ಕೆಸರೇಳುತ್ತದೆ ಅಜ್ಜಿ," ಎಂದ ಮೀಸೆಪ್ಪ. "ಉಂಡೆ ನನ್ನ ಬಾಯಿಗೆ ಕೊಡು. ಹೊಂಡದ ನಡುವೆ ಹಾಕಿ ಬರುತ್ತೇನೆ."

ಅಜ್ಜಿ ನಂಬಿದಳು.

ಮೀಸೆಪ್ಪ ಉಂಡೆಯನ್ನು ನಡುವಿಗೆ ಒಯ್ಯಲಿಲ್ಲ. ದಡದ ಬುಡದಲ್ಲಿ ಅವನ ಬಿಲವಿತ್ತು. ಅದರೊಳಗೆ ನೀರು ಮುಟ್ಟದ ಎತ್ತರದಲ್ಲಿ ಜಗಲಿಯಂಥ ಕಲ್ಲೊಂದಿತ್ತು. ಉಂಡೆಯನ್ನು ಅದರ ಮೇಲೆ ಉಗಿದಿಟ್ಟ. 'ಇಷ್ಟು ದೊಡ್ಡ ಹೊಂಡಕ್ಕೆ ಒಂದು ಉಂಡೆ ಯಾವ ಮೂಲೆಗೆ? ಎಲ್ಲವೂ ನನಗೊಬ್ಬನಿಗೇ ಆದರೆ ಒಂದೇ ದಿನದಲ್ಲಿ ವಾಸಿ' ಎಂದುಕೊಂಡ.

ಏಳು ದಿನ ಕಳೆಯಿತು. ಏಳು ಉಂಡೆ ಸೇರಿತು.

ಹೊನ್ನಿ ಎಂಬ ಪುಟ್ಟ ಗೆಂಡೆಮೀನು ಬಂದಳು.

"ಮೀಸೆಪ್ಪಣ್ಣ, ನೀರು ಇನ್ನೂ ಹುಳಿ. ನಮ್ಮ ಯಜಮಾನರ ಕಿವಿರಿಗೂ ಬೂಷ್ಟು ಹತ್ತಿದೆ. ಅಷ್ಟು ಬೂದಿ ಎಲ್ಲಿ ಹೋಯಿತು?"

"ಕರಗಿತು ತಂಗಿ. ಕರಗಿದ್ದನ್ನು ಹೆಕ್ಕಿ ತೋರಿಸಲೇ?"

ಆ ರಾತ್ರಿಯೇ ಹೊನ್ನಿಯ ಗಂಡ ತೇಲಿದ.

ಅಷ್ಟರಲ್ಲಿ ಮೀಸೆಪ್ಪನ ಬೂಷ್ಟೂ ಬಾಲ ದಾಟಿ ಬೆನ್ನಿಗೇರಿತ್ತು. ಇನ್ನು ತಡ ಮಾಡುವಂತಿರಲಿಲ್ಲ. ಬಿಲ ಹೊಕ್ಕ. ಬೂದಿನೀರು ಹನಿಯೂ ಹೊರಹೋಗಬಾರದೆಂದು ಒಳಗಿದ್ದ ಕಲ್ಲೊಂದನ್ನು ಬಿಲದ ಬಾಯಿಗೆ ನೂಕಿ ಬಿಗಿದ. ಬಾಲ ಬೀಸಿ ಏಳೂ ಉಂಡೆಗಳನ್ನು ನೀರಿಗೆ ಕೆಡವಿದ. ಚೆನ್ನಾಗಿ ಕದಡಿದ.

ಮೊದಲು ಮೈ ಬೆಚ್ಚಗಾದಂತಾಯಿತು. ಆಮೇಲೆ ಉರಿಯಿತು. ಕಿವಿರು ಬೆಂದಿತು. ಕಣ್ಣಿಗೆ ಪರೆ ಕಟ್ಟಿತು. ತಡಕಾಡಿ ಕಲ್ಲಿಗೆ ಬಾಯಿ ಹಾಕಿದ. ಹಿಂದಕ್ಕೆಳೆಯಲು ದವಡೆಯಲ್ಲಿ ಕಸುವು ಉಳಿದಿರಲಿಲ್ಲ.

"ಯಾರಿದ್ದೀರಿ? ಹೊರಗಿನಿಂದ ನೂಕಿ!"

ಹೊನ್ನಿ ಬಂದಳು. ಮೂತಿಯಿಟ್ಟು ನೂಕಿದಳು. ಕಲ್ಲು ಅಲುಗಲಿಲ್ಲ.

"ಇನ್ನೊಮ್ಮೆ ತಂಗಿ! ನಿನ್ನ ದಮ್ಮಯ್ಯ!"

ಅವಳು ಇನ್ನೊಮ್ಮೆ ನೂಕಿದಳು. ಮೂತಿ ಒಡೆಯುವವರೆಗೂ ನೂಕಿದಳು.

"ನನ್ನೊಬ್ಬಳ ಕೈಲಾಗುವುದಿಲ್ಲ ಅಣ್ಣ," ಎಂದಳು. "ಅವರಿದ್ದಿದ್ದರೆ ಇಬ್ಬರೂ ಸೇರಿ ನೂಕುತ್ತಿದ್ದೆವು."

ಮೀಸೆಪ್ಪನಿಗೆ ಆ ಮಾತು ಕೇಳಿಸಿತು. ಅವನ ಬಾಯಿ ಎರಡು ಸಲ ತೆರೆದು ಮುಚ್ಚಿತು. ಮೂರನೆಯ ಸಲ ತೆರೆದದ್ದು ಮುಚ್ಚಲಿಲ್ಲ.

ನೀತಿ: ಎಲ್ಲರಿಗೆಂದು ಕೊಟ್ಟ ಮದ್ದನ್ನು ಒಬ್ಬನೇ ಬಾಚಿಕೊಂಡರೆ ಅದು ಅವನಿಗೆ ವಿಷವಾಗುತ್ತದೆ.